ಹಾಲೆಂಡಿನ ಆಕಾಶಕ್ಕೆ ಕತ್ತರಿ

ಈ ವಿಷಯ ಹೇಳಿಬಿಡಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮೊದಲು ರಿಟೈರ್ ಆಗಲಿ ಎಂದೆ, ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ. ಈಗ ಕಣ್ಣು ಚೆನ್ನಾಗಿಯೇ ಕಾಣುತ್ತಿದೆ, ನೆಪಗಳು ಮುಗಿದುಹೋಗಿವೆ.

ತೊಂಬತ್ತರ ದಶಕದಲ್ಲಿ ನಾನು ತುಮಕೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ಹೆಂಡತಿಯ ಅಣ್ಣ ಗುಬ್ಬಿಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವರೊಮ್ಮೆ ಹಾಲೆಂಡಿನ ಹಳೆಯ ಚಿತ್ರವೊಂದರ ದೊಡ್ಡ ಪ್ರಿಂಟ್ ತಂದುಕೊಟ್ಟು, "ನಡುಮನೆಗೆ ಹಾಕಿ ಭಾವ, ಒಂದು ಕಳೆ ಬರುತ್ತೆ" ಎಂದರು. ಕೆಳಗೆ ಅಂಗೈಯಗಲದ ಊರು, ಒಂದು ಗಾಳಿಯಂತ್ರ, ನಾಲ್ಕು ಹಸು. ಮೇಲೆಲ್ಲ ಬರೀ ಮೋಡ. ಎಸ್ಸೆಸ್ಸೆಲ್ಸಿ ಓದಿದ ನನಗೆ ಅರ್ಥವಾದದ್ದಿಷ್ಟು: ಬರೆದವನಿಗೆ ಊರು ಬರೆದೂ ಬರೆದೂ ಬೇಜಾರಾಗಿ, ಉಳಿದ ಜಾಗಕ್ಕೆ ಮೋಡ ತುಂಬಿಸಿದ್ದಾನೆ. ಪರೀಕ್ಷೆಯಲ್ಲಿ ನಾನೂ ಹೀಗೇ ಪುಟ ತುಂಬಿಸಿದವನು.

ನಮ್ಮಲ್ಲೊಂದು ಖಾಲಿ ಫ್ರೇಮಿತ್ತು. ತೇವಕ್ಕೆ ಹಾಳಾದ ದೇವರ ಪಟವನ್ನು ಕೆರೆಗೆ ಬಿಟ್ಟಿದ್ದೆವು, ದೇವರಿದ್ದ ಫ್ರೇಮನ್ನು ಎಸೆಯಲು ಮನಸ್ಸು ಬಂದಿರಲಿಲ್ಲ. ಚಿತ್ರಕ್ಕೆ ಅಗಲ ಸರಿಹೋಯಿತು, ಎತ್ತರದಲ್ಲಿ ಒಂದು ಗೇಣು ಕಡಿಮೆ. ಎರಡನ್ನೂ ಫ್ರೇಮಿನ ಅಂಗಡಿಗೆ ಒಯ್ದು, "ಮೇಲಿನ ಮೋಡ ಕತ್ತರಿಸಿ ಕೂರಿಸಿ" ಎಂದೆ.

ಅಂಗಡಿಯವರು ಕನ್ನಡಕ ಏರಿಸಿ ಚಿತ್ರವನ್ನೇ ನೋಡಿದರು. "ಬ್ಯಾಡಿ ಸಾರ್. ಊರು ಎಷ್ಟೈತೆ ನೋಡಿ, ಇಷ್ಟೇ. ಬರ್ದೋನು ಮಳೆ ಕಾಯ್ತಾ ಕೂತವ್ನೆ. ಮೋಡ ತೆಗುದ್ರೆ ಆ ಹಸುಗಳು ಯಾಕೆ ತಲೆ ಎತ್ಕೊಂಡು ನಿಂತವೆ ಅಂತ್ಲೇ ಗೊತ್ತಾಗಾಕಿಲ್ಲ."

"ಮೋಡ ನಮ್ಮೂರಲ್ಲೂ ಇದೆ, ಹೊರಗೆ ಬಂದು ನೋಡ್ತೀನಿ. ನೀವು ಕತ್ತರಿಸ್ರೀ" ಎಂದೆ. ಕತ್ತರಿಸಿದರು.

ಮುಂದಿನ ಭಾನುವಾರ ಗುಬ್ಬಿಯ ಭಾವ ಬಂದರು. ಗೋಡೆ ನೋಡಿ ಮುಖ ಕಪ್ಪಿಟ್ಟಿತು. "ಆಕಾಶ ಎಲ್ರೀ ಭಾವ?" ನನ್ನ ಬಾಯಿಂದ ತಾನಾಗಿ ಬಂತು: "ಆ ಫ್ರೇಮಿನವನು ನನ್ನ ಕೇಳದೇ ಕತ್ತರಿಸಿಬಿಟ್ಟ!" ಭಾವ ಅಲ್ಲಿಗೇ ಬಿಡಲಿಲ್ಲ. ಪಟ ಕಂಕುಳಲ್ಲಿಟ್ಟುಕೊಂಡು ನನ್ನನ್ನೂ ಕರೆದುಕೊಂಡು ಅಂಗಡಿಗೇ ಹೋದರು. ನಾಲ್ಕು ಗಿರಾಕಿಗಳ ಎದುರಿಗೆ, "ಹತ್ತು ವರ್ಷದಿಂದ ನಮ್ಮ ಸ್ಕೂಲಿನ ಪಟ ಎಲ್ಲಾ ಇಲ್ಲೇ ಕೊಡ್ತಿದ್ದೆ. ಕತ್ತರಿ ಹಿಡಿಯೋಕೆ ಮುಂಚೆ ಒಂದು ಮಾತು ಕೇಳೋಕಾಗಲ್ವೇನ್ರೀ? ಇನ್ನು ಮುಗೀತು" ಎಂದು ಕೂಗಾಡಿದರು. ಅಂಗಡಿಯವರು ನನ್ನ ಕಡೆ ಒಮ್ಮೆ ನೋಡಿದರು. ನಾನು ನನ್ನ ಚಪ್ಪಲಿಯ ಉಂಗುಷ್ಟವನ್ನು ಪರೀಕ್ಷಿಸುತ್ತಿದ್ದೆ. "ತಪ್ಪಾಯ್ತು ಮೇಷ್ಟ್ರೇ" ಎಂದರು ಅವರು. ಮನೆಯ ಅಳಿಯನನ್ನು ಅವನ ಭಾವನ ಎದುರು ಬಿಟ್ಟುಕೊಡಬಾರದೆಂದು ಅವರಿಗೆ ಅನ್ನಿಸಿರಬೇಕು. ನನಗೆ ಅಂಥದ್ದೇನೂ ಅನ್ನಿಸಲಿಲ್ಲ. ಆಮೇಲೆ ಎಷ್ಟೋ ವರ್ಷ ನಾನು ಆ ಬೀದಿ ತಪ್ಪಿಸಿ, ಮಾರ್ಕೆಟ್ ಸುತ್ತಿಕೊಂಡು ಮನೆಗೆ ಹೋದೆ. ನನ್ನ ಮಂಡಿನೋವಿಗೆ ಡಾಕ್ಟರರು ಬೇರೇನೋ ಕಾರಣ ಹೇಳುತ್ತಾರೆ.

ನಾನು ರಿಟೈರಾದ ಮೇಲೆ ಒಂದು ದಿನ, ಹೆಂಡತಿ ಧೂಳು ಹೊಡೆಯುವಾಗ ಪಟದ ಗಾಜು ಸೀಳುಬಿಟ್ಟಿತು. ಹಿಂದಿನ ರಟ್ಟು ಬಿಚ್ಚಿದೆ. ಒಳಗೆ, ಒಂದು ಮಡಿಕೆಯೂ ಇಲ್ಲದೆ, ಆಕಾಶ ಮಲಗಿತ್ತು. ಅಂದರೆ ಅವತ್ತು ಭಾವ ಪಟ ಹಿಡಿದು ಕೂಗಾಡುವಾಗ ಅದು ಅವರ ಕೈಯಲ್ಲೇ ಇತ್ತು.

ಅಂಗಡಿಗೆ ಹೋದರೆ ಅಲ್ಲಿ ಮೊಬೈಲ್ ರೀಚಾರ್ಜ್ ಮಾಡುತ್ತಿದ್ದರು. ಹಳಬರು ಕುಣಿಗಲ್ಲಿಗೆ ಹೋದರಂತೆ. ಕುಣಿಗಲ್ಲಿಗೆ ಬಸ್ಸುಗಳೇನೂ ಕಡಿಮೆಯಿಲ್ಲ, ನಾನು ಹತ್ತಿಲ್ಲ.

ಆಕಾಶವನ್ನು ಅಂಟಿಸಿ, ಹೊಸ ಫ್ರೇಮ್ ಹಾಕಿಸಿದ್ದೇನೆ. ನಡುವೆ ಒಂದು ಗೆರೆ ಉಳಿದಿದೆ. ನೆಂಟರು ಕೇಳಿದರೆ, "ಹಾಲೆಂಡಿನವರು ಹಾಗೇ ಬರೀತಿದ್ರು" ಎನ್ನುತ್ತೇನೆ. ಆ ಅಂಗಡಿಯವರನ್ನು ನಮ್ಮ ಮನೆಯಲ್ಲಿ ಇವತ್ತಿಗೂ 'ಆಕಾಶ ಕತ್ತರಿಸಿದ ಫ್ರೇಮಿನವನು' ಎಂದೇ ಕರೆಯುತ್ತಾರೆ. ಅವರ ಹೆಸರು ಅದಲ್ಲ. ಅಂಗಡಿಯ ಬೋರ್ಡಿನಲ್ಲಿ ನೀಲಿ ಅಕ್ಷರದಲ್ಲಿತ್ತು, ನಾನು ಎರಡು ಸಲ ಓದಿದ್ದೆ: ಅಬ್ದುಲ್ ವಹೀದ್.