ಎಲ್ಲರೂ ಬೆಳೆಯುವ ಟೊಮೆಟೊ

ಫಜೀತಿಯನ್ನು ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದರೆ ಸಾಕು, ಒಂದಾದರೂ ತಾನಾಗಿಯೇ ಒಳಗೆ ಬಂದು ನನ್ನ ಎದುರು ನಿಲ್ಲುತ್ತದೆ.

ಕುಂದಾಪುರದವನಾದ ನಾನು ಮೊದಲು ಲಂಡನ್ನಿನ ಸೌತ್‌ಹಾಲ್‌ನ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದೆ. ಬೆನ್ನು ಕೈಕೊಟ್ಟಿತು. ಇಲ್ಲಿ ಜಿಪಿ ಎಂದು ಕರೆಯುವ ನಮ್ಮ ಡಾಕ್ಟರು ನೋಡಿ, ಇನ್ನು ಬಗ್ಗಿ ನಿಲ್ಲುವ ಕೆಲಸ ಬೇಡ ಎಂದರು. ಹಾಗೆ ಗ್ರೀನ್‌ಫರ್ಡ್‌ನ ಗೋದಾಮುಗಳ ನಡುವೆ ಇರುವ ಈ ಅಂಗಡಿಗೆ ಸೇರಿದೆ. ಮನೆಯೊಳಗೆ ಗಿಡ ಬೆಳೆಸುವವರಿಗೆ ಬೇಕಾದ ದೀಪ, ಫ್ಯಾನು, ಗಿಡ ಒಳಗಿಟ್ಟು ಮುಚ್ಚಲು ಬೀರುವಿನಷ್ಟರಿಂದ ಕೋಣೆಯಷ್ಟು ದೊಡ್ಡದರವರೆಗಿನ ಜಿಪ್ಪಿನ ಟೆಂಟು ಎಲ್ಲ ಇಲ್ಲಿ ಸಿಗುತ್ತವೆ. ನನ್ನ ಪಾಲಿಗೆ ಬಂದದ್ದು ಆಧಾರದ ವಿಭಾಗ. ಬಾಗಿದ ಗಿಡಕ್ಕೆ ಕೋಲು ಊರಬೇಕೋ, ಬಲೆ ಕಟ್ಟಬೇಕೋ, ಮೇಲಿನಿಂದ ದಾರ ಇಳಿಬಿಡಬೇಕೋ ಎಂದು ಹೇಳುವುದು. ನನ್ನ ಬೆನ್ನು ನೆಟ್ಟಗಾಗಲಿಲ್ಲ, ಗಿಡಗಳದ್ದಾದರೂ ಆಗಲಿ ಎಂದು ಒಪ್ಪಿಕೊಂಡೆ.

ಈ ಕೆಲಸದ ದೆಸೆಯಿಂದ ನಾವಿರುವ ಬಾಡಿಗೆ ಫ್ಲಾಟೇ ಕೈತಪ್ಪುವುದರಲ್ಲಿತ್ತು. ಎರಡು ವರ್ಷ ಅಲೆದು ಹುಡುಕಿದ ಫ್ಲಾಟು. ಮಗಳ ಶಾಲೆ ರಸ್ತೆ ದಾಟಿದರೆ ಸಿಗುತ್ತದೆ. ಅದು ಹೇಗೆ ಉಳಿಯಿತು ಎನ್ನುವುದನ್ನು ಹೇಳುವ ಮೊದಲು ನಮ್ಮ ಗಿರಾಕಿಗಳ ಪರಿಚಯ ಮಾಡಿಕೊಡಬೇಕು.

ಉಪ್ಪು ಹಚ್ಚಿ ಒಣಗಿಸಿ

ಮೊದಲ ದಿನ ಒಬ್ಬ ಯುವಕ ಬಂದ. ಟೊಮೆಟೊ ಗಿಡದ ತಲೆ ಭಾರವಾಗಿ ಬಗ್ಗುತ್ತಿದೆ, ಏನು ಮಾಡಲಿ ಎಂದ. ಕೋಲು ತೋರಿಸಿದೆ. ಗಿರಾಕಿಯನ್ನು ನಾಲ್ಕು ಮಾತಾಡಿಸುವುದು ಹೋಟೆಲಿನಿಂದ ಬಂದ ಚಾಳಿ.

"ಹಣ್ಣು ಕೆಂಪಗಾಗಿದೆಯಾ?" ಎಂದೆ.

"ಇಲ್ಲ, ಹಸಿರು."

"ಹಸಿರಿರುವಾಗಲೇ ಕೊಯ್ದರೆ ಚಟ್ನಿಗೆ ಬಹಳ ಚೆನ್ನ."

"ಚಟ್ನಿಗಲ್ಲ. ಒಣಗಿಸುತ್ತೇವೆ."

"ಓ, ಹಾಗಾದರೆ ಹೆಚ್ಚಿ, ಉಪ್ಪು ಹಚ್ಚಿ ಒಣಗಿಸಿ. ವರ್ಷವಾದರೂ ಕೆಡುವುದಿಲ್ಲ. ಬೇಕಾದಾಗ ಎಣ್ಣೆಯಲ್ಲಿ ಕರಿದು ಅನ್ನದ ಜೊತೆ ತಿನ್ನಬಹುದು."

ಆತ ಕೋಲನ್ನು ಅಲ್ಲೇ ಇಟ್ಟು, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಹೊರಟುಹೋದ.

ಧಣಿಗಳು ನನ್ನನ್ನು ಹಿಂದಿನ ಕೋಣೆಗೆ ಕರೆದರು. ಸೌತ್‌ಹಾಲ್‌ನಲ್ಲೇ ಹುಟ್ಟಿ ಬೆಳೆದ ಪಂಜಾಬಿ, ತಾಳ್ಮೆಯ ಮನುಷ್ಯ. "ನೋಡಪ್ಪ, ಇಲ್ಲಿಗೆ ಬರುವವರೆಲ್ಲ ಟೊಮೆಟೊ ಬೆಳೆಯುವವರು. ಯಾರಾದರೂ ಬಾಯಿಬಿಟ್ಟು ಗಾಂಜಾ ಎಂದರೆ ಅವರಿಗೆ ಒಂದು ತುಂಡು ದಾರವನ್ನೂ ಮಾರುವಂತಿಲ್ಲ; ಅದು ಕಾನೂನು. ಆದ್ದರಿಂದ ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಕೋಲು, ಬಲೆ, ದಾರ ಇಷ್ಟೇ ಮಾತು. ಅಡುಗೆಯ ವಿಷಯ ಬೇಡ."

ನನಗೆ ಆಗ ಅರ್ಥವಾಯಿತು. ಮನಸ್ಸಿಗೆ ಕಸಿವಿಸಿಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ, ಗಾಂಜಾವನ್ನು ಉಪ್ಪು ಹಚ್ಚಿ ಕರಿಯಲು ಹೇಳಿದ್ದು ಲಂಡನ್ನಿನಲ್ಲಿ ನಾನೊಬ್ಬನೇ ಇರಬೇಕು ಎಂದು ಅನಿಸಿತು.

ಸತ್ಯ ಹೇಳಿದ ಅಜ್ಜಿ

ಒಂದು ದಿನ ಕೈಚೀಲ ಹಿಡಿದ ಇಂಗ್ಲಿಷ್ ಅಜ್ಜಿಯೊಬ್ಬರು ಬಂದರು. "ನನ್ನ ಟೊಮೆಟೊಗೆ ಕೋಲು ಬೇಕು" ಎಂದರು. ನಾನು ಗಂಭೀರವಾಗಿ ಕೋಲು ಕೊಟ್ಟೆ. ಅವರು ಹೋದ ಮೇಲೆ ಧಣಿಗಳು ತಲೆಯಾಡಿಸಿದರು. "ಈ ವಯಸ್ಸಿನಲ್ಲಿ! ಮಂಡಿನೋವಿಗೆ ಇರಬೇಕು ಪಾಪ."

ಅಜ್ಜಿ ಮತ್ತೆ ಮತ್ತೆ ಬಂದರು. ಎಲೆಗೆ ಹುಳ ಬಿದ್ದಿದೆ, ಕಾಯಿ ಒಡೆಯುತ್ತಿದೆ ಎಂದು ಎಲ್ಲರೆದುರು ಜೋರಾಗಿ ಹೇಳುವರು. ಉಳಿದ ಗಿರಾಕಿಗಳು ಅವರ ಧೈರ್ಯಕ್ಕೆ ಬೆರಗಾಗಿ ಸರಿದು ದಾರಿ ಬಿಡುವರು. ಒಬ್ಬನಂತೂ, "ಆಂಟಿ, ಇಷ್ಟು ಜೋರಾಗಿ ಬೇಡ" ಎಂದು ಕಿವಿಯ ಹತ್ತಿರ ಹೇಳಿ ಹೋದ.

ಬೇಸಿಗೆಯ ಕೊನೆಗೆ ಅಜ್ಜಿ ಒಂದು ಕಾಗದದ ಚೀಲವನ್ನು ಕೌಂಟರಿನ ಮೇಲಿಟ್ಟರು. "ನಿಮ್ಮ ಸಹಾಯಕ್ಕೆ, ನನ್ನ ಬೆಳೆ" ಎಂದರು. ಧಣಿಗಳ ಮುಖ ಬಿಳಿಚಿಕೊಂಡಿತು. ಕ್ಯಾಮರಾ ಇರುವ ಮೂಲೆಯನ್ನೊಮ್ಮೆ ನೋಡಿ, ಎರಡು ಬೆರಳಲ್ಲಿ ಚೀಲ ಬಿಡಿಸಿದರು. ಒಳಗೆ ಕೆಂಪಗೆ ಹಣ್ಣಾದ ಆರು ಟೊಮೆಟೊ ಇದ್ದವು.

ಹದಿನೈದು ವರ್ಷದಿಂದ ಟೊಮೆಟೊ ಗಿಡಕ್ಕೆ ಸಾಮಾನು ಮಾರುತ್ತಿರುವ ಅಂಗಡಿಗೆ ಬಂದ ಮೊದಲ ಟೊಮೆಟೊ ಅವು. ಧಣಿಗಳು ಒಂದನ್ನು ತಟ್ಟೆಯಲ್ಲಿಟ್ಟು ಕೌಂಟರಿನ ಮೇಲೆ ಪ್ರದರ್ಶನಕ್ಕೆ ಇಟ್ಟರು. ಬಂದ ಗಿರಾಕಿಗಳೆಲ್ಲ ಅದನ್ನು ನೋಡಿ, "ಇದೇನು?" ಎಂದು ಕೇಳಿದರು.

ಬಲೆಯ ಆಚೆ

ಬಲೆ ಒಳ್ಳೆಯದೇ. ಟೆಂಟಿನೊಳಗೆ ಅಡ್ಡಲಾಗಿ ಕಟ್ಟಿದರೆ ಒಂದೊಂದು ಕಣ್ಣಿನಲ್ಲಿ ಒಂದೊಂದು ಕುಡಿ ಕೂತು ಗಿಡ ಹರಡುತ್ತದೆ. ಆದರೆ ಕಟ್ಟಿದ ಮೇಲೆ ಕುಂಡ ಅಲುಗಾಡಿಸುವಂತಿಲ್ಲ, ಹಿಂದಿನ ಗಿಡಕ್ಕೆ ಕೈ ತಲುಪುವುದಿಲ್ಲ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ಒಬ್ಬ ದಪ್ಪನೆಯ ಗಿರಾಕಿ ಬಲೆ ಒಯ್ದವನು ಸಂಜೆ ಫೋನ್ ಮಾಡಿದ. ದನಿ ಸಣ್ಣಗಿತ್ತು.

"ಬಲೆ ಕಟ್ಟಿ ಆಯಿತು. ಆದರೆ ನಾನು ಟೆಂಟಿನೊಳಗೆ ಹಿಂದಿನ ಕಡೆ ನಿಂತು ಕಟ್ಟಿದೆ."

"ಅದಕ್ಕೇನು?"

"ಹಿಂದೆಯೇ ಇದ್ದೇನೆ. ಜಿಪ್ ಇರುವುದು ಮುಂದೆ."

"ಬಲೆಯ ಅಡಿಯಿಂದ ತೆವಳಿ ಬನ್ನಿ."

"ಅಡಿಯಲ್ಲಿ ಹನ್ನೆರಡು ಕುಂಡ ಇವೆ. ನನಗೆ ಹೊಟ್ಟೆ ಬೇರೆ ಇದೆ. ಯಾರನ್ನಾದರೂ ಕಳಿಸುತ್ತೀರಾ?"

ನಾನು ಧಣಿಗಳ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು. "ಹೋದರೆ ನೋಡಬೇಕಾಗುತ್ತದೆ. ನೋಡಿದರೆ ಗೊತ್ತಾಗುತ್ತದೆ. ಗೊತ್ತಾದರೆ ಆಮೇಲೆ ಅವನಿಗೆ ಮಾರುವಂತಿಲ್ಲ. ಒಳ್ಳೆಯ ಗಿರಾಕಿ ಅವನು."

ಬಲೆ ಕತ್ತರಿಸಿ ಎಂದೆ. ಕತ್ತರಿ ಮುಂದಿನ ಕಡೆ ಇದೆಯಂತೆ. ಕೊನೆಗೆ ಅವನ ಹೆಂಡತಿ ಬಂದು ಬಿಡಿಸಿದಳಂತೆ. ಎರಡು ದಿನ ಬಿಟ್ಟು ಬಂದು ಕೋಲು ಕೊಂಡ. ಹೆಂಡತಿ ಬೈದಳಾ ಎಂದು ಕೇಳಿದೆ. "ಬೈಯಲಿಲ್ಲ. ಬಿಡಿಸುವ ಮೊದಲು ಕುರ್ಚಿ ತಂದು ಎದುರು ಹಾಕಿ ಕೂತು, ಮದುವೆಯಾದಂದಿನಿಂದ ಹೇಳಬೇಕೆಂದಿದ್ದನ್ನೆಲ್ಲ ಹೇಳಿದಳು" ಎಂದ.

ಬಸಳೆ ಚಪ್ಪರ

ಇನ್ನು ನಮ್ಮ ಮನೆಗೆ ಬರೋಣ. ನನ್ನ ಹೆಂಡತಿಗೆ ಬಸಳೆ ಎಂದರೆ ಪ್ರಾಣ. ಸೌತ್‌ಹಾಲ್‌ನಲ್ಲಿ ಬಸಳೆಯ ಕಟ್ಟು ಸಿಕ್ಕಿದರೆ ಎಲೆ ಹುಳಿಗೆ, ದಂಟು ಕುಂಡಕ್ಕೆ. ಆದರೆ ಕಿಟಕಿಯಲ್ಲಿಟ್ಟ ಬಳ್ಳಿ ಎರಡು ಚಳಿಗಾಲವೂ ಕೊಳೆತುಹೋಯಿತು. ಅವಳ ಸಪ್ಪೆ ಮುಖ ನೋಡಲಾರದೆ, ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ಹಳೆಯ ಟೆಂಟನ್ನು ದೀಪ, ಫ್ಯಾನು ಸಮೇತ ಮನೆಗೆ ತಂದೆ.

ನಾನು ಕೋಲು ಊರಲು ಹೊರಟರೆ ಅವಳು ತಡೆದಳು. "ಹ್ವಾಯ್, ಬಸಳಿಗೆ ಯಾರಾರೂ ಕೋಲ್ ಹುಗಿತ್ರಾ? ಚಪ್ಪರ ಆಯ್ಕ್!"

ದಿನವೆಲ್ಲ ಊರಿಗೆ ಸಲಹೆ ಕೊಡುವವನ ಮಾತು ಮನೆಯಲ್ಲಿ ನಡೆಯಲಿಲ್ಲ. ಬಲೆ ತಂದು ಚಪ್ಪರ ಕಟ್ಟಿದೆ, ಮುಂದಿನ ಕಡೆಯಿಂದ. ಬಳ್ಳಿ ಹಬ್ಬಿತು. ತೊಂದರೆಯಾದದ್ದು ಜಿಪ್ಪಿನಿಂದ. ಟೆಂಟು ಮುಚ್ಚಿಡಬೇಕು ಎಂದು ನಾನು, "ಅದಕ್ಕೂ ಉಸ್ರಾಡುಕೆ ಬ್ಯಾಡ್ದಾ?" ಎಂದು ಅವಳು. ಹೀಗೆ ತಿಂಗಳುಗಟ್ಟಲೆ ನಮ್ಮ ಮಲಗುವ ಕೋಣೆಯ ಕಿಟಕಿಯಿಂದ ಟೆಂಟಿನ ದೀಪದ ನೇರಳೆ ಬೆಳಕು ರಸ್ತೆಗೆ ಬೀಳುತ್ತಿತ್ತು.

ಫ್ಲಾಟಿನ ಬಾಡಿಗೆ ನೋಡಿಕೊಳ್ಳುವ ಏಜೆಂಟನಿಂದ ಪತ್ರ ಬಂತು. ಕೆಳಗಿನ ಮನೆಯವರು ವಿಚಿತ್ರ ಬೆಳಕು, ಫ್ಯಾನಿನ ಸದ್ದು ಎಂದು ದೂರು ಕೊಟ್ಟಿದ್ದಾರೆ. ಶನಿವಾರ ಲ್ಯಾಂಡ್‌ಲಾರ್ಡ್ ತಾವೇ ಬಂದು ನೋಡುತ್ತಾರೆ. ಮುಂದಿನ ವರ್ಷದ ಕರಾರು ಆಮೇಲೆ ತೀರ್ಮಾನವಾಗುತ್ತದೆ. ಅಲ್ಲಿಯವರೆಗೆ ನಾವು ಲ್ಯಾಂಡ್‌ಲಾರ್ಡನ ಮುಖವನ್ನೇ ನೋಡಿರಲಿಲ್ಲ. ಕರಾರು ಪತ್ರ ತೆಗೆದು ನೋಡಿದೆ. ಮನೆಯೊಳಗೆ ದೀಪವಿಟ್ಟು ಯಾವ ಬೆಳೆಯನ್ನೂ ಬೆಳೆಯಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು.

"ಟೆಂಟು ಬಿಚ್ಚಿಬಿಡುವ" ಎಂದೆ.

"ನಾವೆಂತ ಕದ್ದದ್ದಾ? ಬರ್ಲಿ, ಕಾಣ್ಲಿ" ಎಂದಳು ಹೆಂಡತಿ.

"ವೀ ಆರ್ ಗೋಯಿಂಗ್ ಟು ಬಿ ಹೋಮ್‌ಲೆಸ್ ಬಿಕಾಸ್ ಆಫ್ ಬಸಳೆ" ಎಂದಳು ಮಗಳು. ನನಗೆ ನಗು ಬರಲಿಲ್ಲ.

ಖಾಲಿ ಡಬ್ಬಿ

ಶನಿವಾರ ಲ್ಯಾಂಡ್‌ಲಾರ್ಡ್ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು, ಅರವತ್ತರ ಆಸುಪಾಸಿನ ಇಂಗ್ಲಿಷಿನವರು. ಕೂರಲೂ ಒಪ್ಪಲಿಲ್ಲ. ನಿಂತಲ್ಲೇ ಕರಾರಿನ ಆ ಸಾಲನ್ನು ಎರಡು ಸಲ ಓದಿ ಹೇಳಿದರು. ನಂತರ ಕೋಣೆಗೆ ನಡೆದು ಟೆಂಟಿನ ಮುಂದೆ ನಿಂತರು.

ನನ್ನ ಹೆಂಡತಿ ಒಂದು ಎಲೆ ಕಿತ್ತು ಬಾಯಿಗೆ ಹಾಕಿ ಜಗಿದು ತೋರಿಸಿದಳು. "ಸ್ಪಿನಾಚ್, ಸ್ಪಿನಾಚ್" ಎಂದಳು. ಅವರು ಬಗ್ಗಿ ಮೂಸಿ ನೋಡಿದರು. "ಯಾವುದಾದರೇನು, ಕರಾರು ಕರಾರೇ" ಎಂದರು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ. ಶಾಲೆ, ಫ್ಲಾಟು, ಮತ್ತೆ ಎರಡು ವರ್ಷದ ಅಲೆದಾಟ ಎಲ್ಲ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಅವರ ಕಣ್ಣು ಬಲೆಯ ಮೇಲೆ ಬಿತ್ತು.

"ಇದನ್ನು ಕಟ್ಟಿದ್ದು ಯಾರು?" ಎಂದರು.

"ನಾನೇ ಸರ್."

"ತೀರಾ ಮೇಲೆ ಕಟ್ಟಿದ್ದೀರಿ." ಫೈಲನ್ನು ನಮ್ಮ ಹಾಸಿಗೆಯ ಮೇಲಿಟ್ಟರು. ಎರಡೂ ಕೈ ಟೆಂಟಿನೊಳಗೆ ಹೋದವು. ಒಂದು ಕುಡಿಯನ್ನು ಮೆಲ್ಲಗೆ ಬಗ್ಗಿಸಿ ಬಲೆಯ ಅಡಿ ತೂರಿಸಿದರು, ಇನ್ನೊಂದನ್ನು ಪಕ್ಕದ ಕಣ್ಣಿಗೆ ಸರಿಸಿದರು. ನಮ್ಮನ್ನು ಮರೆತೇಬಿಟ್ಟಿದ್ದರು. "ಒಂದು ಕಣ್ಣಿಗೆ ಒಂದೇ ಕುಡಿ. ಇಲ್ಲದಿದ್ದರೆ ನಡುವಿನದಕ್ಕೆ ಬೆಳಕು ಸಿಗುವುದಿಲ್ಲ. ಕೊನೆಯ ವಾರಗಳಲ್ಲಿ ಮೊಗ್ಗಿನ ಭಾರಕ್ಕೆ ಎಲ್ಲ ಮಗುಚಿ..."

ಅಲ್ಲಿಗೆ ಮಾತು ನಿಂತಿತು. ಬಸಳೆಗೆ ಅಂಥ ಮೊಗ್ಗು ಎಲ್ಲಿಂದ ಬರಬೇಕು?

ಅಂಗಡಿಯ ಅಭ್ಯಾಸಬಲ, ನನ್ನ ಬಾಯಿ ಸುಮ್ಮನಿರಲಿಲ್ಲ. "ಟೊಮೆಟೊನಾ ಸರ್?" ಎಂದೆ.

ಅವರು ಗೋಡೆ ನೋಡುತ್ತ, "ಟೊಮೆಟೊ" ಎಂದರು.

"ನಾನು ಇಲ್ಲೇ ಗ್ರೀನ್‌ಫರ್ಡ್‌ನ ಅಂಗಡಿಯಲ್ಲಿ ಕೆಲಸ ಮಾಡುವುದು. ನಿಮ್ಮನ್ನು ಅಲ್ಲಿ ನೋಡಿದ ನೆನಪಿಲ್ಲ."

"ಬಾಡಿಗೆದಾರರು ಯಾರಾದರೂ ಎದುರಾದಾರು ಎಂಬ ಹೆದರಿಕೆಗೆ ನಾನು ಊರಿನ ಇನ್ನೊಂದು ತುದಿಯ ಕ್ರಾಯ್ಡನ್‌ವರೆಗೆ ಹೋಗುತ್ತೇನೆ" ಎಂದರು.

ಹಾಲ್‌ಗೆ ಬಂದು ಈ ಬಾರಿ ಕುರ್ಚಿಯಲ್ಲಿ ಕೂತರು. ಕರಾರಿನ ಆ ಸಾಲಿಗೆ ಅಡ್ಡಗೆರೆ ಎಳೆದು, "ತರಕಾರಿ ಆಗಬಹುದು" ಎಂದು ಕೈಯಾರೆ ಬರೆದು, ಎರಡು ವರ್ಷಕ್ಕೆ ಸಹಿ ಹಾಕಿದರು. ಜಿಪ್ ಮಾತ್ರ ಮುಚ್ಚಿಡಿ ಎಂದು ನನ್ನ ಹೆಂಡತಿಯನ್ನು ಕೈಮುಗಿಯುವವರ ಹಾಗೆ ಕೇಳಿಕೊಂಡರು. ನನಗೆ ಆದ ಸಂತೋಷಕ್ಕೆ ಅವರನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವವಳಲ್ಲ ನನ್ನವಳು. ಸ್ಟೀಲ್ ಡಬ್ಬಿ ತುಂಬ ಬಸಳೆ ಹುಳಿ ಹಾಕಿ ಕೊಟ್ಟಳು. ಅವರು ಹೋದ ಮೇಲೆ, ಇಷ್ಟು ಚಂದ ಗಿಡದ ಕೆಲಸ ಅವರಿಗೆ ಹೇಗೆ ಗೊತ್ತು ಎಂದು ಕೇಳಿದಳು. ಮಗಳು ಪಕ್ಕದಲ್ಲೇ ಇದ್ದಳು, ನಿಜ ಹೇಳುವಂತಿರಲಿಲ್ಲ. "ಅವರೂ ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರಂತೆ" ಎಂದುಬಿಟ್ಟೆ.

ಅಂದಿನಿಂದ ಅವಳು ಡಬ್ಬಿಯ ದಾರಿ ಕಾಯುತ್ತಿದ್ದಾಳೆ. ಕೊಟ್ಟ ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿ ಇಲ್ಲ; ಸಕ್ಕರೆಯೋ, ಬಾಳೆಹಣ್ಣೋ, ಮನೆಯಲ್ಲಿ ಬೆಳೆದದ್ದೋ ಏನಾದರೂ ಹಾಕಿ ಕೊಡಬೇಕು. ಇಂಗ್ಲಿಷಿನವರಿಗೆ ಇದು ಗೊತ್ತಿರಲಿಕ್ಕಿಲ್ಲ ಎಂದು ಅವಳು ಏಜೆಂಟನಿಗೆ ಫೋನ್ ಮಾಡಿ ಈ ಪದ್ಧತಿಯನ್ನು ವಿವರವಾಗಿ ತಿಳಿಸಿಯೂ ಆಗಿದೆ.

"ಅವ್ರ್ ಬೆಳ್ದದ್ದನ್ನೇ ಒಂಚೂರ್ ಹಾಕಿ ಕೊಡ್ಲಿ, ಸಾಕ್" ಎನ್ನುತ್ತಾಳೆ.

ಡಬ್ಬಿ ಖಾಲಿಯೇ ಬರಲಿ ಎಂದು ನಾನು ದೇವರಿಗೆ ಹರಕೆ ಹೊತ್ತಿದ್ದೇನೆ.