ಮೂರು ಸಲ ಕೂಗುವವರೆಗೆ

ನಮ್ಮ ಅತ್ತೆಯ ಜೊತೆ ಎಲ್ಲಿಗೆ ಹೋದರೂ ಏನಾದರೊಂದು ಆಗುತ್ತದೆ. ನಮ್ಮ ಮನೆ ಕಡೆಯ ಗಿಲ್‌ರಾಯ್ ಊರಿಗೆ ಬೆಳ್ಳುಳ್ಳಿ ತರಲು ಹೋದಾಗಲೂ ಆಗಿತ್ತು. ಹಾಗಾಗಿ ಫ್ರಾನ್ಸಿನ ರೂಆನ್ ಎಂಬ ಹಳೆಯ ಊರಿನಲ್ಲಿ ಆದದ್ದಕ್ಕೆ ಆ ಊರನ್ನು ದೂರಲಾರೆ. ಹೆಂಡತಿಗೆ ಪ್ಯಾರಿಸ್ಸಿನಲ್ಲಿ ಆಫೀಸಿನ ಮೀಟಿಂಗು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ನಾವಿರುವ ಸ್ಯಾನ್ ರಮೋನ್‌ನಿಂದ ಅವಳ ಹಿಂದೆ ಹೋಗಿದ್ದವರು ನಾನು, ಸ್ಕೂಲಿನಲ್ಲಿ ಫ್ರೆಂಚ್ ಕಲಿಯುವ ಮಗಳು ಮತ್ತು ಮಂಡ್ಯ ಕಡೆಯ ಅತ್ತೆ. ನಾವು ಮೂವರು ಒಂದು ದಿನದ ಮಟ್ಟಿಗೆ ರೈಲು ಹತ್ತಿ ಅಲ್ಲಿಗೆ ಹೋದೆವು.

೧. ವಾಲಿದ ಬೀದಿ

ಮರದ ಚೌಕಟ್ಟಿನ ಮನೆಗಳು ಎರಡೂ ಕಡೆಯಿಂದ ವಾಲಿಕೊಂಡು ಗುಟ್ಟು ಹೇಳುವಂತಿದ್ದವು. ಮಂಜು ಕವಿದಿತ್ತು. ಜನವಿಲ್ಲ. ನಮ್ಮ ಹೆಜ್ಜೆಯ ಸದ್ದು ನಮಗಿಂತ ತುಸು ತಡವಾಗಿ ಬರುತ್ತಿತ್ತು.

"ಎಷ್ಟು ವರ್ಷದ ಮನೆಗಳು?" ಅತ್ತೆ ಕೇಳಿದರು.

"ಐನೂರು ಇರಬಹುದು."

"ಐನೂರು ವರ್ಷದಿಂದ ಬೀಳ್ತಾನೇ ಅವಾ?" ಎಂದು ಬೀದಿಯ ನಡುವಿಗೆ ಸರಿದರು. "ನಮ್ಮ ಗ್ರಹಚಾರಕ್ಕೆ ಇವತ್ತೇ ಮುಗಿಸಿಬಿಟ್ಟಾವು."

೨. ಬೆಕ್ಕು

ಬೀದಿಯ ಕೊನೆಗೆ ಒಂದು ಅಂಗಳ, ಸುತ್ತಲೂ ಹಳೆಯ ತೊಟ್ಟಿ ಕಟ್ಟಡ. "ಒಳ್ಳೆ ಛತ್ರ ಇದ್ದಂಗದೆ," ಎಂದು ಅತ್ತೆ ಬೆಂಚಿನ ಮೇಲೆ ಕೂತು ಕೈಚೀಲದಿಂದ ಕೋಡುಬಳೆ ತೆಗೆದರು. ನಾನು ತೊಲೆಗಳನ್ನು ನೋಡಿದೆ. ತಲೆಬುರುಡೆ, ಮೂಳೆ, ಗುದ್ದಲಿ, ಎಲ್ಲವನ್ನೂ ಮರದಲ್ಲಿ ಕೆತ್ತಿದ್ದರು. ಸುಮ್ಮನಿದ್ದೆ.

ಮಗಳು ಸುಮ್ಮನಿರಲಿಲ್ಲ. "ಅಜ್ಜಿ, ಇಟ್ಸ್ ಅ ಸೆಮೆಟ್ರಿ. ಪ್ಲೇಗಲ್ಲಿ ಸತ್ತವರೆಲ್ಲ ನಿಮ್ಮ ಕಾಲ ಕೆಳಗೇ ಇದ್ದಾರೆ."

ಕೋಡುಬಳೆಯ ಕಟಕಟ ನಿಂತಿತು.

ಬಾಗಿಲ ಬಳಿ ಗಾಜಿನ ಹಿಂದೆ ಒಣಗಿ ಸುಕ್ಕಾದ ಒಂದು ಬೆಕ್ಕು. ನೂರಾರು ವರ್ಷ ಗೋಡೆಯೊಳಗೆ ಇತ್ತಂತೆ. ಅತ್ತೆ ನಿಂತುಬಿಟ್ಟರು. "ಬೆಕ್ಕು ಅಡ್ಡ ಬಂದ್ರೆ ಒಂದು ಗಳಿಗೆ ಕೂತು ಹೋಗಬೇಕು. ಇದು ನೂರಾರು ವರ್ಷದಿಂದ ಅಡ್ಡ ನಿಂತದೆ. ಎಷ್ಟೊತ್ತು ಅಂತ ಕೂರೋದು?"

೩. ಕೂಗು

ಹೊರಡುವಾಗ ಅಭ್ಯಾಸಬಲದಿಂದ ನಾನು "ಬರ್ತೀವಿ" ಅಂದೆ. ಅಂಗಳದಲ್ಲಿ ಯಾರೂ ಇರಲಿಲ್ಲ.

"ಅಳಿಯಂದಿರೇ, ದಿನಕ್ಕೆ ಒಂದು ಮಾತಾಡ್ತೀರಿ. ಅದನ್ನ ಇಲ್ಲೇ ಆಡಬೇಕಿತ್ತಾ? ಸಾವಿನ ಮನೇಲಿ ಯಾರಾದ್ರೂ ಬರ್ತೀವಿ ಅಂತಾರಾ?"

ಒಳಗಿನಿಂದ ಸಣ್ಣ ದನಿ ಬಂತು. "ಓ... ಅವ್ವಾ." ಮೂವರಿಗೂ ಕೇಳಿಸಿತು.

ಅತ್ತೆ ನನ್ನ ತೋಳು ಹಿಡಿದರು. "ಓ ಅನ್ನಬೇಡಿ. ಮೂರು ಸಲ ಕೂಗಿದ್ರೆ ಮನುಷ್ಯರು. ದೆವ್ವಕ್ಕೆ ಮೂರನೇ ಸಲ ಕೂಗಕ್ಕಾಗಲ್ಲ."

"ಓ... ಅವ್ವಾ."

ಕಾದೆವು. ಮೂರನೆಯದು ಬರಲಿಲ್ಲ. ಮಂಡಿನೋವಿನ ಅತ್ತೆಯನ್ನು ಹಿಡಿಯಲು ನಾವಿಬ್ಬರೂ ಓಡಬೇಕಾಯಿತು.

ಕೈಚೀಲ ಇಲ್ಲವೆಂದು ಸ್ಟೇಷನ್ನಿನಲ್ಲಿ ಗೊತ್ತಾಯಿತು. ಕೋಡುಬಳೆ ಹೋದರೆ ಹೋಗಲಿ, ಅವರ ಪಾಸ್‌ಪೋರ್ಟೂ ಗ್ರೀನ್ ಕಾರ್ಡೂ ಅದರಲ್ಲೇ ಇದ್ದವು. ಮರುದಿನ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನ.

ಅತ್ತೆ ನನ್ನನ್ನೇ ನೋಡಿದರು. "ಬರ್ತೀವಿ ಅಂದಿದ್ರಲ್ಲ. ನಡೀರಿ ಈಗ."

೪. ಮೂರನೆಯ ಸಲ

ಈಗ ಬಾಗಿಲಲ್ಲಿ ಕಾವಲಿನ ಮುದುಕನೊಬ್ಬ ಕೂತಿದ್ದ. ಚೀಲ ಅವನ ತೊಡೆಯ ಮೇಲಿತ್ತು. ಪಾಸ್‌ಪೋರ್ಟಿನ ಫೋಟೋವನ್ನೂ ಅತ್ತೆಯ ಮುಖವನ್ನೂ ಬಹಳ ಹೊತ್ತು ನೋಡಿ ಚೀಲ ಕೊಟ್ಟ. ಮಗಳು ಅವನೊಡನೆ ಫ್ರೆಂಚಿನಲ್ಲಿ ಏನೋ ಮಾತಾಡಿ ನನ್ನ ಪಕ್ಕಕ್ಕೆ ಬಂದಳು.

"ಅಪ್ಪ, ಅವರು ಈಗಷ್ಟೇ ಬಂದಿದ್ದಂತೆ. ಆ ಕೂಗು ಕೇಳಿಸಿದಾಗ ಲಂಚ್ ಟೈಮು. ಒಳಗೆ ನೋಬಡಿ."

"ಅಜ್ಜಿಗೆ ಹೇಳಬೇಡ," ಅಂದೆ.

ಹೊರಟೆವು. ಹಿಂದಿನಿಂದ ಮುದುಕ ಹಲ್ಲಿಲ್ಲದ ಬಾಯಲ್ಲಿ ಕೂಗಿದ. "ಓ... ಅವ್ವಾ."

ಅತ್ತೆ ಕಲ್ಲಾದರು. ಮಗಳು ನಕ್ಕಳು. "ಅಜ್ಜಿ, ಅದು ಓ ರೆವ್ವಾರ್. ಫ್ರೆಂಚಲ್ಲಿ ಬೈ ಹೇಳೋದು. ಮತ್ತೆ ನೋಡೋಣ ಅಂತ."

ಅತ್ತೆ ಬೆರಳು ಮಡಿಸಿ ಎಣಿಸಿದರು. ಮುಖ ಅರಳಿತು. "ಮೂರಾಯ್ತು. ಮನುಷ್ಯನೇ ಕಣೇ, ಪಾಪ. ಆಗಲೂ ಇವನೇ ಕೂಗಿದ್ದು."

ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅತ್ತೆ ತಿರುಗಿ "ಓ" ಅಂದರು. ಆಮೇಲೆ, ಮತ್ತೆ ನೋಡೋಣ ಎಂದದ್ದು ನೆನಪಾಗಿರಬೇಕು. ಯಾರ ಮನೆಯ ಹೊಸ್ತಿಲಲ್ಲೂ ಈವರೆಗೆ ಆಡದಿದ್ದ ಮಾತನ್ನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಆಡಿದರು.

"ಹೋಗ್ತೀವಿ ಕಣಪ್ಪ. ಬರಲ್ಲ."