ಹನ್ನೆರಡು ವರ್ಷ ಮೊದಲೇ ಬೆಳೆದ ನೇರಳೆ ಮರ

ಬಂಧುಗಳೇ, ಒಂದು ಗಳಿಗೆ ಕಿವಿಗೊಟ್ಟು ಕೇಳಿ. ದೂರದೃಷ್ಟಿಯುಳ್ಳ ಮನುಷ್ಯನಿಗೆ ಅವನ ಸ್ವಂತ ಹಿತ್ತಿಲಿನಲ್ಲೇ ಎಂಥ ಅನ್ಯಾಯವಾಗುತ್ತದೆ ಎಂಬುದಕ್ಕೆ ನಾನೇ ಜೀವಂತ ಸಾಕ್ಷಿ.

ವಾರಕ್ಕೊಮ್ಮೆ ಪ್ರಾರ್ಥನಾ ಸಭೆಯಲ್ಲಿ ನಾಲ್ಕು ಒಳ್ಳೆಯ ಮಾತು ಹೇಳುವವನು ನಾನು. 'ಕಾಣದ್ದನ್ನು ನಂಬಿರಿ' ಎಂಬುದು ನನಗೆ ಅತ್ಯಂತ ಪ್ರಿಯವಾದ ಉಪದೇಶ. ಹೀಗಿರುವಾಗ ಸಸಿ ಮಾರುವವನು ಗೇಣುದ್ದದ ನೇರಳೆ ಸಸಿಯನ್ನು ಕೈಗಿತ್ತು, "ಈಗಿನ ಗಾತ್ರ ನೋಡಿ ನೆಡಬೇಡಿ ಸ್ವಾಮಿ, ಹನ್ನೆರಡು ವರ್ಷಕ್ಕೆ ಇದರ ಹರವು ಇಪ್ಪತ್ತಡಿ ಆಗುತ್ತೆ" ಎಂದಾಗ ಅದು ನನಗೆ ದೈವವಾಣಿಯಂತೆಯೇ ಕೇಳಿಸಿತು. ಹಿತ್ತಿಲ ನಡುವೆ ಸಸಿ ನೆಟ್ಟೆ. ಹಗ್ಗ ಹಿಡಿದು ಸುತ್ತಲೂ ಇಪ್ಪತ್ತಡಿ ಅಗಲದ ಸುಣ್ಣದ ವೃತ್ತ ಎಳೆದೆ. ವೃತ್ತದೊಳಗಿದ್ದ ಒಂದೇ ಒಂದು ಅಡಚಣೆಯನ್ನು, ಅಂದರೆ ನನ್ನ ಧರ್ಮಪತ್ನಿ ಬಟ್ಟೆ ಒಣಹಾಕುವ ತಂತಿಯ ಕಂಬವನ್ನು, ಕಿತ್ತು ಮೂಲೆಗೆ ಒರಗಿಸಿದೆ.

"ರೀ, ನನ್ನ ಕಂಬ ಏನಾಯ್ತು?"

"ಮರಕ್ಕೆ ಅಡ್ಡವಾಗಿತ್ತು, ತೆಗೆದೆ."

"ಯಾವ ಮರ?"

"ಅದೇ, ಅಲ್ಲಿದೆಯಲ್ಲ."

ಅವಳು ಸೊಂಟ ಬಗ್ಗಿಸಿ ಹುಡುಕಿದಳು. ಆರು ಎಲೆ ಸಿಕ್ಕವು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರನ್ನ ಕಂಡಿದ್ದೀನಿ. ನೀವು ಮದುವೆ ಚಪ್ಪರಾನೇ ಹಾಕಿಸಿಬಿಟ್ರಲ್ಲ! ಬಿಸಿಲು ಬೀಳೋದು ಅದೊಂದೇ ಜಾಗದಲ್ಲಿ. ಬಟ್ಟೆ ಎಲ್ಲಿ ಒಣಗಲಿ?"

"ಹನ್ನೆರಡು ವರ್ಷ ತಾಳ್ಮೆಯಿಂದಿರು" ಎಂದೆ. (ನಾನು ಸೌಮ್ಯವಾಗಿಯೇ ಹೇಳಿದೆ. ಬಕೆಟ್ ಬಿದ್ದ ಸದ್ದು ಸೌಮ್ಯವಾಗಿರಲಿಲ್ಲ.)

ಮಗಳಾದರೂ ನನ್ನ ಪಕ್ಷ ವಹಿಸಿಯಾಳೆಂದುಕೊಂಡೆ. ಆಕೆ ವೃತ್ತದ ಅಂಚಿನಲ್ಲಿ ಹಣೆ ಹಿಡಿದು ಕುಳಿತು, "ಅಪ್ಪಾ, ಕೊಂಬೆ ಬಡೀತು!" ಎಂದು ನರಳಿದಳು.

ಮೂರು ದಿನ ನಮ್ಮ ಮನೆ ಅಗಸರ ಕಟ್ಟೆಯಾಯಿತು. ಕುರ್ಚಿಗಳ ಮೇಲೆ ಹೊದಿಕೆ, ಕಿಟಕಿಗೆ ಲಂಗ, ನನ್ನ ಉಪದೇಶದ ಟಿಪ್ಪಣಿಗಳ ಮೇಲೆ ಹಸಿ ಟವೆಲು! ನಾಲ್ಕನೆಯ ದಿನ ಸಭೆ. ಅದಕ್ಕೆ ಇನ್ನು ಒಂದೇ ಗಂಟೆಯಿತ್ತು. ನನ್ನ ಏಕೈಕ ಬಿಳಿ ಅಂಗಿ ಇನ್ನೂ ತೊಟ್ಟಿಕ್ಕುತ್ತಿತ್ತು.

"ಅಂಗಿ ಒಣಗಿಲ್ಲವಲ್ಲೇ!"

"ಒಣಗಿದೆ ಅಂದ್ಕೊಂಡು ಹಾಕ್ಕೊಳ್ಳಿ. ಕಾಣದ್ದನ್ನ ನಂಬಿ ಅಂತೀರಲ್ಲ!"

ನನ್ನ ಉಪದೇಶವನ್ನು ನನಗೇ ಉಪದೇಶಿಸುವುದೇ! ರೋಷ ಉಕ್ಕಿತು; ಆದರೆ ಅಂಗಿ ಒಣಗಬೇಕಿತ್ತು.

"ಆಯಿತು ಮಾರಾಯ್ತಿ, ಕಂಬ ಮತ್ತೆ ನೆಡುತ್ತೇನೆ."

"ಛೆ, ಛೆ! ನಿಮ್ಮ ಮರಕ್ಕೆ ಅಡ್ಡ ಆಗುತ್ತೆ. ಮರ ಬೆಳೆಯೋವರೆಗೆ ಆ ಜಾಗದಲ್ಲಿ ನೀವೇ ನಿಂತ್ಕೊಳ್ಳಿ. ನಿಮ್ಮ ಬೆಳವಣಿಗೆ ಮುಗಿದಿದೆ ತಾನೆ?"

ಸಭೆಯ ಹಿರಿಯರು ನನ್ನನ್ನು ಹುಡುಕಿಕೊಂಡು ಬಂದಾಗ, ನಾನು ಬನಿಯನ್ನಿನಲ್ಲಿ, ತಂತಿಯ ತುದಿ ಹಿಡಿದು, ಮೂರು ದಿನಗಳ ಒದ್ದೆ ಬಟ್ಟೆಯ ಭಾರ ಹೊತ್ತು ಬಿಸಿಲಿನಲ್ಲಿ ನಿಂತಿದ್ದೆ. ಅವರು ಸುಣ್ಣದ ಗೆರೆಯಾಚೆ ಕೈಕಟ್ಟಿ ಕುಳಿತೇಬಿಟ್ಟರು. ಅಂದಿನ ಉಪದೇಶ ಅಲ್ಲಿಂದಲೇ ಆಯಿತು.

ಆದ್ದರಿಂದ ಬಂಧುಗಳೇ, ಸಸಿ ನೆಡುವ ಮುನ್ನ ಅದು ಬೆಳೆದು ನಿಲ್ಲುವ ಗಾತ್ರವನ್ನು ನೀವೂ ನನ್ನಂತೆಯೇ ತಪ್ಪದೆ ಅಳೆಯಿರಿ. ತತ್ತ್ವದಲ್ಲಿ ಲವಲೇಶವೂ ಲೋಪವಿಲ್ಲ. ತಂತಿ ಹಿಡಿದ ಕೈ ಮಾತ್ರ ಆಗಾಗ ಬದಲಿಸಿಕೊಳ್ಳಿ.